ನೋವಿನ ಮಾತ್ರೆ ವ್ಯಸನವಾಗದಿರಲಿ

ನೋವು ಶರೀರವು ನಮಗೆ ನೀಡುವ ಎಚ್ಚರಿಕೆ. ಅದನ್ನು ಶಮನಗೊಳಿಸುವುದು ವೈದ್ಯಧರ್ಮ. ಆದರೆ ನೋವುನಿವಾರಕಗಳೆಲ್ಲವೂ ಒಂದೇ ಬಗೆಯವಲ್ಲವೆಂಬುದನ್ನು ಸದ್ಭಕ್ತರು ಅರಿತಿರಬೇಕು. ಪ್ಯಾರಸಿಟಮಾಲ್ ಮುಂತಾದವು ಅಮಲು ತರುವುದಿಲ್ಲ. ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಇವುಗಳ ವರ್ಗವೇ ಬೇರೆ. ಇವು ಅಫೀಮಿನಿಂದ ದೊರೆತವು, ಇಲ್ಲವೇ ಅಫೀಮಿನಂತೆಯೇ ಮಿದುಳಿನ ಮೇಲೆ ವರ್ತಿಸುವವು. ಇವನ್ನು ಓಪಿಯಾಯ್ಡ್ ಔಷಧಗಳೆನ್ನುತ್ತಾರೆ.

ಆಯುರ್ವೇದಕ್ಕೆ ಅಫೀಮು ಅಪರಿಚಿತವಲ್ಲ. ರಸಶಾಸ್ತ್ರವು ಅಹಿಫೇನವನ್ನು ಉಪವಿಷಗಳ ಸಾಲಿನಲ್ಲಿರಿಸಿ, ಶೋಧನೆಯಾಗದೆ ಬಳಸಬಾರದೆಂದು ವಿಧಿಸಿದೆ. ಔಷಧವಾದರೂ ಅದು ವಿಷವೇ ಎಂಬ ಎಚ್ಚರ ಆ ವಿಧಿಯಲ್ಲಿದೆ. ಇಂದು ಆ ಎಚ್ಚರ ಸಡಿಲವಾಗಿದೆ. ‘ವೈದ್ಯರೇ ಬರೆದುಕೊಟ್ಟದ್ದಲ್ಲವೇ’ ಎಂಬ ಧೈರ್ಯವೇ ಅನೇಕರನ್ನು ಮೈಮರೆಸುತ್ತದೆ.

ವ್ಯಸನ ಬೆಳೆಯುವ ಬಗೆ

ಸೊಂಟನೋವಿಗೆಂದು ಐದು ದಿನಕ್ಕೆ ಬರೆದ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ದುಡಿಮೆಯ ದಣಿವು ಮರೆಯಲು ಕೆಲವರು, ಮೋಜಿಗಾಗಿ ತರುಣರು ಇದನ್ನು ಸೇವಿಸುತ್ತಾರೆ. ದಿನ ಕಳೆದಂತೆ ಮೊದಲಿನ ಪ್ರಮಾಣ ಸಾಲದಾಗುತ್ತದೆ. ಬಿಟ್ಟರೆ ಮೈಕೈ ನೋವು, ಆಕಳಿಕೆ, ಮೂಗು ಸೋರುವಿಕೆ, ಭೇದಿ, ನಿದ್ರಾಹೀನತೆ ಕಾಡುತ್ತವೆ. ಹಳೆಯ ನೋವೇ ಮರಳಿತೆಂದು ಭಾವಿಸಿ ರೋಗಿಯು ಮತ್ತೆ ಮಾತ್ರೆಗೆ ಕೈಹಾಕುತ್ತಾನೆ. ವ್ಯಸನದ ಬಲೆ ಹೀಗೆ ಬಿಗಿಯುತ್ತದೆ.

ಮಿತಿಮೀರಿದ ಪ್ರಮಾಣವು ಉಸಿರಾಟವನ್ನೇ ಕುಗ್ಗಿಸಿ ಪ್ರಾಣ ತೆಗೆಯಬಲ್ಲದು. ಮದ್ಯ ಅಥವಾ ನಿದ್ರೆಮಾತ್ರೆಯೊಡನೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಟ್ರಮಡಾಲ್‌ನಿಂದ ಸೆಳವು ಸಹ ಬರಬಹುದು. ಈ ಕಾರಣದಿಂದಲೇ 2018ರಲ್ಲಿ ಟ್ರಮಡಾಲನ್ನು ಮಾದಕವಸ್ತು ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅಫೀಮು, ಹೆರಾಯಿನ್ ಹಾಗೂ ಈ ಬಗೆಯ ಔಷಧಗಳನ್ನು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ.

ಬಿಡಿಸುವ ಕ್ರಮ

ರೂಢಿಯಾದ ಅಹಿತವನ್ನು ಒಮ್ಮೆಲೇ ತೊರೆಯದೆ, ಪಾದಪಾದವಾಗಿ ಬಿಡುತ್ತ ಹಿತವಾದುದನ್ನು ರೂಢಿಸಿಕೊಳ್ಳಬೇಕೆಂದು ಚರಕ ಸಂಹಿತೆ ಹೇಳುತ್ತದೆ. ಆಧುನಿಕ ವೈದ್ಯರೂ ಈ ಔಷಧಗಳ ಪ್ರಮಾಣವನ್ನು ಹಂತಹಂತವಾಗಿಯೇ ಇಳಿಸುತ್ತಾರೆ. ಆದರೆ ಎಷ್ಟು ಇಳಿಸಬೇಕು, ಎಷ್ಟು ದಿನಕ್ಕೊಮ್ಮೆ ಇಳಿಸಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಭ್ಯಂಗ, ಲಘು ಆಹಾರ, ನಿಯತ ನಿದ್ರೆಗಳು ಸಹಕಾರಿ. ಕೇವಲ ಕಷಾಯದಿಂದ ಈ ವ್ಯಸನ ನೀಗುವುದೆಂದು ನಾವು ಹೇಳಲಾರೆವು. ಮನೋವೈದ್ಯರ ಚಿಕಿತ್ಸೆ ಅವಶ್ಯ.

ಮನೆಯವರು ಬಡಿಯುವುದು, ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ವ್ಯಸನವೂ ಒಂದು ರೋಗ. ಕೆಲಕಾಲ ಬಿಟ್ಟವನು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ದೇಹ ತಾಳಲಾರದೆ ಸಾವು ಸಂಭವಿಸಬಹುದೆಂಬುದು ಮನೆಮಂದಿಗೆಲ್ಲ ತಿಳಿದಿರಲಿ.

ಪಾಲಿಸಬೇಕಾದವು

1. ನೋವಿನ ಮಾತ್ರೆ ಯಾವ ವರ್ಗದ್ದು, ಎಷ್ಟು ದಿನಕ್ಕೆ ಎಂದು ವೈದ್ಯರನ್ನು ಕೇಳಿರಿ.
2. ಹಳೆಯ ಚೀಟಿಯಿಂದ ಮತ್ತೆ ಕೊಳ್ಳದಿರಿ. ನಿಮ್ಮ ಮಾತ್ರೆಯನ್ನು ನೆರೆಯವರಿಗೆ ಕೊಡದಿರಿ.
3. ಉಳಿದ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ.
4. ಮಾತ್ರೆ ಸೇವಿಸಿದವರು ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿರಿ.
5. ವ್ಯಸನಮುಕ್ತಿಗಾಗಿ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಚಿಕಿತ್ಸೆ ಲಭ್ಯ.

ಇಷ್ಟನ್ನು ಓದಿ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ನಿಲ್ಲಿಸುವ ತಪ್ಪನ್ನು ಯಾರೂ ಮಾಡಬಾರದು. ಅಂಥ ಯಾತನೆಯಲ್ಲಿ ವೈದ್ಯರ ನಿಗಾದಲ್ಲಿ ಕೊಡುವ ಈ ಔಷಧ ನಿಜವಾದ ಉಪಕಾರಿ. ನೋವಿಗೆ ಔಷಧ ಬೇಕು; ಅದರ ಮಿತಿಯನ್ನು ಅಮಲು ನಿರ್ಧರಿಸದೆ ವೈದ್ಯನ ವಿವೇಕ ನಿರ್ಧರಿಸಲಿ.