ಹಿರಣ್ಯಕಶಿಪುವಿನ ಮನಸ್ಸೂ ಅಲುಗಾಡಿತ್ತು



ಇಡಗುಂದಿ ಕಡೆ ಅಡಿಕೆ ಸುಲಿಯುವ ಕಾಲ ಬಂದರೆ ಸಂಘದ ಸಭೆ ಸೇರುವುದು ಯಾವಾಗಲೂ ತಡ. ಹಾಗೆ ತಡವಾಗಿ ಸೇರಿದ ಒಂದು ಸಭೆಯಲ್ಲಿ ಉಳಿತಾಯ, ಸಾಲದ ಕಂತು ಎಲ್ಲಾ ಬರೆದು ಮುಗಿದ ಮೇಲೆ ಮಾತು ಸಿನಿಮಾಕ್ಕೆ ಬಂತು. ಮಕ್ಕಳು 'ಮಹಾವತಾರ ನರಸಿಂಹ' ನೋಡಿದ್ದರು. "ರಾತ್ರಿ ಮಲಗುವಾಗ ನನ್ನ ಮಗ ಕೇಳ್ದ, ಅಮ್ಮಾ, ಆ ಅಪ್ಪನಿಗೆ ಮಗನ ಮೇಲೆ ಪ್ರೀತಿಯೇ ಇರಲಿಲ್ವಾ ಅಂತ. ನನಗೆ ಉತ್ತರ ಹೊಳೀಲಿಲ್ಲ" ಎಂದರು ಒಬ್ಬ ತಾಯಿ. ಆ ಮಗುವಿನ ಪ್ರಶ್ನೆಯೇ ನಮ್ಮ ಈ ಸಲದ ಪಾಠ.

ಕಥೆ ಹಳೆಯದು

'ಮಹಾವತಾರ ನರಸಿಂಹ' 2025ರ ಜುಲೈ 25ರಂದು ಬಿಡುಗಡೆಯಾದ ಅನಿಮೇಷನ್ ಚಿತ್ರ. ನಿರ್ದೇಶಕರು ಅಶ್ವಿನ್ ಕುಮಾರ್. ನಮ್ಮ ಬೆಂಗಳೂರಿನ ಹೊಂಬಾಳೆ ಫಿಲಂಸ್ ಸಂಸ್ಥೆ ಅದನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅರ್ಪಿಸಿತು. ದೊಡ್ಡವರಿಗೆ 1983ರ 'ಭಕ್ತ ಪ್ರಹ್ಲಾದ' ನೆನಪಿರಬಹುದು. ಅದರಲ್ಲಿ ಡಾ. ರಾಜ್‌ಕುಮಾರ್ ಹಿರಣ್ಯಕಶಿಪು, ಅವರ ಮಗ ಪುನೀತ್ ಪ್ರಹ್ಲಾದ. ಇನ್ನು ಯಕ್ಷಗಾನದಲ್ಲಂತೂ ಈ ಕಥೆಯನ್ನು ನಾವು ಎಷ್ಟು ಸಲ ನೋಡಿಲ್ಲ! ಆದರೆ ಖಳನಾಯಕನ ಒಳಗೆ ಏನು ನಡೆಯುತ್ತಿತ್ತು ಎಂದು ನಾವು ಯೋಚಿಸಿದ್ದು ಕಡಿಮೆ.

ತಿಳಿದಿತ್ತು, ಆದರೂ ನಂಬಿಕೆ ಬರಲಿಲ್ಲ

ಭಾಗವತದಲ್ಲಿ ಒಂದು ಪ್ರಸಂಗ ಇದೆ. ವರಾಹನಿಂದ ಸಹೋದರ ಹಿರಣ್ಯಾಕ್ಷ ಸತ್ತಾಗ ಮನೆಯ ಹೆಂಗಸರೆಲ್ಲ ಅಳುತ್ತಿದ್ದಾರೆ. ಅವರನ್ನು ಸಮಾಧಾನ ಮಾಡಿದವನು ಯಾರು ಗೊತ್ತಾ? ಇದೇ ಹಿರಣ್ಯಕಶಿಪು. ತಾಯಿ ದಿತಿಗೆ, ತೀರಿಹೋದವನ ಹೆಂಡತಿ ಮಕ್ಕಳಿಗೆ, 'ದೇಹ ಅಳಿಯುತ್ತದೆ, ಆತ್ಮ ಅಳಿಯುವುದಿಲ್ಲ, ದುಃಖಿಸಬೇಡಿ' ಎಂದು ಬುದ್ಧಿ ಹೇಳುತ್ತಾನೆ. ಆದರೆ ಅದೇ ಮಾತು ಅವನ ಸ್ವಂತ ನೋವಿಗೆ ಮದ್ದಾಗಲಿಲ್ಲ. ನೋವು ಸೇಡಾಯಿತು.

ಆಮೇಲೆ ಮಂದರ ಪರ್ವತದಲ್ಲಿ ಘೋರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ. ಮನುಷ್ಯನಿಂದ ಬೇಡ, ಪ್ರಾಣಿಯಿಂದ ಬೇಡ. ಹಗಲು ಬೇಡ, ರಾತ್ರಿ ಬೇಡ. ಒಳಗೆ ಬೇಡ, ಹೊರಗೆ ಬೇಡ. ಭೂಮಿಯ ಮೇಲೆ ಬೇಡ, ಆಕಾಶದಲ್ಲಿ ಬೇಡ. ಆಯುಧದಿಂದಲೂ ಸಾವು ಬರಬಾರದು. ಈ ಪಟ್ಟಿ ಓದಿದರೆ ನಮಗೇನನಿಸ್ತದೆ? ಇದು ಧೈರ್ಯವಂತನ ಪಟ್ಟಿ ಅಲ್ಲ, ಹೆದರಿದವನ ಪಟ್ಟಿ. ತಪಸ್ಸು ಮಾಡುವಷ್ಟು ನಂಬಿಕೆ ಅವನಲ್ಲಿತ್ತು. ನಿಶ್ಚಿಂತೆಯಿಂದ ಇರುವಷ್ಟು ಇರಲಿಲ್ಲ.

ತಲೆ ತಗ್ಗಿಸಿ ಕುಳಿತ ಗಳಿಗೆ

ಪ್ರಹ್ಲಾದ ಇನ್ನೂ ಐದು ವರ್ಷದ ಮಗು. ಗುರುಗಳ ಮನೆಯಿಂದ ಬಂದ ಮಗನನ್ನು ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು, 'ಏನು ಕಲಿತೆ ಹೇಳು' ಎಂದು ಪ್ರೀತಿಯಿಂದಲೇ ಕೇಳುತ್ತಾನೆ. ಮಗ ಹರಿಯ ಹೆಸರು ಹೇಳಿದ ಕೂಡಲೇ ಆ ಪ್ರೀತಿ ಸಿಟ್ಟಾಗ್ತದೆ. ಆನೆಯಿಂದ ತುಳಿಸಿದ, ಹಾವಿನಿಂದ ಕಚ್ಚಿಸಿದ, ಬೆಟ್ಟದಿಂದ ತಳ್ಳಿಸಿದ, ವಿಷ ಕೊಡಿಸಿದ. ಮಗುವಿಗೆ ಏನೂ ಆಗಲಿಲ್ಲ.

ಆಗ ಆ ರಾಜನ ಮನಸ್ಸು ಅಲುಗಾಡಿತು. 'ಇವನ ಶಕ್ತಿಗೆ ಕೊನೆಯೇ ಇಲ್ಲ, ಇವನಿಗೆ ಭಯವೂ ಇಲ್ಲ. ಇವನನ್ನು ಎದುರು ಹಾಕಿಕೊಂಡು ನನಗೇ ಸಾವು ಬರಬಹುದೇನೋ' ಎಂದು ಚಿಂತಿಸಿ, ಮುಖ ಬಾಡಿಸಿಕೊಂಡು, ತಲೆ ತಗ್ಗಿಸಿ ಕುಳಿತ ಎನ್ನುತ್ತದೆ ಭಾಗವತ. ಇಡೀ ಕಥೆಯಲ್ಲಿ ಅವನು ತಿರುಗಬಹುದಾಗಿದ್ದ ಗಳಿಗೆ ಇದು.

ಆದರೆ ಆಗ ಪಕ್ಕದಲ್ಲಿದ್ದವರು ಯಾರು? ಮಗುವಿನ ಗುರುಗಳಾದ ಶಂಡ ಮತ್ತು ಅಮರ್ಕರು. 'ಮೂರು ಲೋಕ ಗೆದ್ದವರು ನೀವು, ನಿಮಗೇಕೆ ಚಿಂತೆ? ಮಗುವನ್ನು ಕಟ್ಟಿಹಾಕಿ, ದೊಡ್ಡವನಾದ ಮೇಲೆ ಬುದ್ಧಿ ಬರುತ್ತದೆ' ಎಂದರು. ರಾಜನಿಗೆ ಬೇಕಾದ ಮಾತನ್ನೇ ಹೇಳಿದರು. ರಾಜ 'ಸರಿ' ಎಂದ. ತೆರೆದಿದ್ದ ಬಾಗಿಲು ಮುಚ್ಚಿತು.

ಬೈಬಲಿನ ಫರೋಹನ ಕಥೆಯೂ ಹೀಗೇ. ಆಲಿಕಲ್ಲು ಮಳೆ ಬಿದ್ದಾಗ 'ನಾನು ತಪ್ಪು ಮಾಡಿದೆ, ನಿಮ್ಮನ್ನು ಬಿಟ್ಟುಬಿಡುತ್ತೇನೆ' ಎಂದು ಮೋಶೆಗೆ ಹೇಳಿದ. ಮಳೆ ನಿಂತಿತು, ಮನಸ್ಸು ಮತ್ತೆ ಕಲ್ಲಾಯಿತು. ಆ ಕಥೆಯೂ 1998ರಲ್ಲಿ 'ದಿ ಪ್ರಿನ್ಸ್ ಆಫ್ ಈಜಿಪ್ಟ್' ಎಂಬ ಅನಿಮೇಷನ್ ಚಿತ್ರವಾಗಿ ಬಂದಿತ್ತು. ಭಯದಿಂದ ಬಂದ ಬದಲಾವಣೆ ಭಯ ಹೋದ ಕೂಡಲೇ ಹೋಗ್ತದೆ ಎಂಬುದು ಎರಡೂ ಕಡೆಯ ಪಾಠ.

ನಮ್ಮ ಮನೆಗಳಲ್ಲಿ

"ಸಂಘಕ್ಕೆ ಹೋಗಿ ಏನು ಸಿಗ್ತದೆ ನಿಂಗೆ?" ಎಂದು ಬೈಯುವ ಗಂಡಸೇ ಕೂಲಿ ಇಲ್ಲದ ಮಳೆಗಾಲದಲ್ಲಿ, "ನಿಮ್ಮ ಸಂಘದಲ್ಲಿ ಸಾಲ ಸಿಕ್ತದಾ ಕೇಳು" ಎಂದು ಮೆಲ್ಲಗೆ ಕೇಳುವುದನ್ನು ನಾವು ಕಂಡಿಲ್ಲವೇ? ಗಟ್ಟಿಯಾಗಿ ಕೂಗುವವರ ಒಳಗೂ ಅಳುಕು ಇರ್ತದೆ. ತನ್ನ ಮಾತು ನಡೆಯುವುದಿಲ್ಲವೇನೋ, ತನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲವೇನೋ ಎಂಬ ಅಳುಕು. ಅದು ಹೊರಗೆ ಕಾಣುವ ಗಳಿಗೆಯಲ್ಲಿ "ಈಗ ಬಂತಾ ಬುದ್ಧಿ?" ಎಂದು ಹಂಗಿಸಿದರೆ ಬಾಗಿಲು ಮುಚ್ಚುತ್ತದೆ. ಶಂಡಾಮರ್ಕರ ಹಾಗೆ "ನೀವು ಮಾಡಿದ್ದೇ ಸರಿ" ಎಂದರೂ ಮುಚ್ಚುತ್ತದೆ. ಸತ್ಯವನ್ನು, ಆದರೆ ಸಮಾಧಾನದಿಂದ, ಹೇಳುವವರು ಒಬ್ಬರಾದರೂ ಬೇಕು. ಹಾಗೆಯೇ ನಮ್ಮ ಸಿಟ್ಟಿನ ಹಿಂದೆ ಯಾವ ಭಯ ಇದೆ ಎಂದು ನಾವೂ ನೋಡಿಕೊಳ್ಳಬೇಕು. ಮಕ್ಕಳಿಗೆ ಕೈ ಎತ್ತುವವರಲ್ಲಿ ನಾವೂ ಇದ್ದೇವೆ, ಅಲ್ವಾ?

ಒಂದು ಎಚ್ಚರಿಕೆ

ಇದರ ಅರ್ಥ ಹೊಡೆತ ತಿಂದು ಕಾಯಬೇಕು ಎಂದಲ್ಲ. ಪ್ರಹ್ಲಾದನಿಗಾಗಿ ಕಂಬ ಒಡೆಯಿತು. ನಮ್ಮ ಮನೆಯ ಕಂಬ ಒಡೆಯಲಿ ಎಂದು ಕಾಯುತ್ತಾ ಮಗುವನ್ನು ಅಪಾಯದಲ್ಲಿ ಬಿಡಬಾರದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯಿದೆ ಇದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತು ಸಹಾಯಕ್ಕೆ 112. ಈ ಮೂರು ನಂಬರನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಮಗುವಿಗೆ ಉತ್ತರ

ಅಪ್ಪನಿಗೆ ಪ್ರೀತಿ ಇರಲಿಲ್ವಾ ಎಂದು ಕೇಳಿದ ಮಗುವಿಗೆ ಏನು ಹೇಳೋಣ? 'ಇತ್ತು ಮಗಾ, ಆದರೆ ಭಯ ಅದಕ್ಕಿಂತ ದೊಡ್ಡದಾಯಿತು' ಎನ್ನೋಣ. ಇನ್ನೊಂದು ಮಾತನ್ನೂ ಸೇರಿಸೋಣ. ಕೊನೆಗೆ ನರಸಿಂಹ 'ಏನು ವರ ಬೇಕು' ಎಂದಾಗ ಪ್ರಹ್ಲಾದ ಕೇಳಿದ್ದು ಅಪ್ಪನ ಪಾಪ ಕಳೆಯಲಿ ಎಂದು. ಅಪ್ಪ ಕೈಬಿಟ್ಟ ಪ್ರೀತಿಯನ್ನು ಮಗ ಕೈಬಿಡಲಿಲ್ಲ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಮನೆಯಲ್ಲಿ ಹೆಚ್ಚು ಸಿಟ್ಟು ಮಾಡುವವರು ಯಾವುದಕ್ಕೆ ಹೆದರುತ್ತಾರೆ?
2. ಹಿರಣ್ಯಕಶಿಪು ತಲೆ ತಗ್ಗಿಸಿ ಕುಳಿತಾಗ ನಾವು ಪಕ್ಕದಲ್ಲಿದ್ದಿದ್ದರೆ ಏನು ಹೇಳುತ್ತಿದ್ದೆವು?
3. ಸಂಘದಲ್ಲಿ ಯಾರಾದರೂ ತಪ್ಪು ಒಪ್ಪಿಕೊಂಡಾಗ ನಾವು ಹಂಗಿಸುತ್ತೇವೆಯೇ, ಜೊತೆಗೆ ನಿಲ್ಲುತ್ತೇವೆಯೇ?
4. ಮನೆಯಲ್ಲಿ ಹೊಡೆತ ತಿನ್ನುವ ಸದಸ್ಯೆಗೆ, ಮಕ್ಕಳಿಗೆ ನಮ್ಮ ಸಂಘ ಏನು ಮಾಡಬಹುದು? ಒಂದು ಠರಾವು ಬರೆಯಿರಿ.