ಪರೀಕ್ಷೆ ಮುಗಿದ ಮೇಲೂ ಕೈಗೆ ಬರುವ ಪುಸ್ತಕಕ್ಕೆ ದುಡ್ಡು ಕೊಡಿ

ನಮ್ಮ ಚನ್ನರಾಯಪಟ್ಟಣದ ಕೋರ್ಟಿಗೆ ಪ್ರತಿವರ್ಷ ಹೊಸದಾಗಿ ಕರಿ ಕೋಟು ತೊಟ್ಟು ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ತೆಂಗಿನ ತೋಟ, ಎರಡು ಹಸು, ಒಂದಿಷ್ಟು ರಾಗಿ ಹೊಲ ನಂಬಿದ ಮನೆಗಳವರು. ಹಾಸನದ ಎಂ. ಕೃಷ್ಣ ಕಾನೂನು ಕಾಲೇಜಿನಲ್ಲೋ ಹೊಳೆನರಸೀಪುರದ ಸರ್ಕಾರಿ ಕಾನೂನು ಕಾಲೇಜಿನಲ್ಲೋ ಓದು ಮುಗಿಯುವ ಹೊತ್ತಿಗೆ ಅಪ್ಪನ ಕೊಬ್ಬರಿ ದುಡ್ಡು, ಅಮ್ಮನ ಡೇರಿ ಬಟವಾಡೆ ಎಲ್ಲವೂ ಫೀಸು, ಬಸ್ಸು, ಬಾಡಿಗೆಗೆ ಕರಗಿರುತ್ತವೆ. ಇನ್ನು ಮಕ್ಕಳು ದುಡಿಯುತ್ತಾರೆ ಎಂದು ಮನೆಯವರು ಉಸಿರು ಬಿಡುವಾಗಲೇ ಅಖಿಲ ಭಾರತ ವಕೀಲರ ಪರೀಕ್ಷೆ ಎದುರಾಗುತ್ತದೆ. ಎಲ್ಲರ ಬಾಯಲ್ಲಿ ಅದು ಎಐಬಿಇ. ಅದರ ಬೆನ್ನಿಗೇ ಗೈಡು, ಆನ್‌ಲೈನ್ ಕ್ಲಾಸು, ಟೆಸ್ಟ್ ಸೀರೀಸು ಎಂದು ಖರ್ಚಿನ ಪಟ್ಟಿ ಬೆಳೆಯುತ್ತದೆ.

ಈ ಪರೀಕ್ಷೆ ಬರೆದು, ಈಗ ಇದೇ ಕೋರ್ಟಿನಲ್ಲಿ ಕೆಲಸ ಮಾಡುತ್ತಿರುವ ನಾನು ಕಿರಿಯರಿಗೆ ಹೇಳುವುದು ಒಂದೇ ಮಾತು. ತಯಾರಿಗೆಂದು ಯಾವುದಕ್ಕೇ ದುಡ್ಡು ಬಿಚ್ಚುವ ಮುಂಚೆ, ಪರೀಕ್ಷೆ ಮುಗಿದ ಮೇಲೆ ಕೋರ್ಟಿನಲ್ಲಿ ಇದು ನನ್ನ ಕೈಗೆ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬರುತ್ತದೆ ಎಂದಾದರೆ ಕೊಳ್ಳಿ. ಇಲ್ಲವಾದರೆ ಅದು ಪುಕ್ಕಟೆಯಾಗಿ ಎಲ್ಲಿ ಸಿಗುತ್ತದೆ ಎಂದು ಹುಡುಕಿ. ಬಹುಪಾಲು ಸಿಕ್ಕೇ ಸಿಗುತ್ತದೆ.

ಮೊದಲು ಪರೀಕ್ಷೆಯ ಲೆಕ್ಕ

ಭಾರತೀಯ ವಕೀಲರ ಪರಿಷತ್ತು 2010ರಲ್ಲಿ ಈ ಪರೀಕ್ಷೆಯನ್ನು ತಂದಿತು. ಮೊದಲ ಪರೀಕ್ಷೆ ನಡೆದದ್ದು 2011ರ ಮಾರ್ಚ್‌ನಲ್ಲಿ. ಇದು ಬೇಕೇ ಬೇಡವೇ ಎಂಬ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ, 2023ರ ಫೆಬ್ರುವರಿ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಪರೀಕ್ಷೆಯನ್ನು ಎತ್ತಿಹಿಡಿಯಿತು. ಹಾಗಾಗಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಎರಡು ವರ್ಷದೊಳಗೆ ಪಾಸಾಗಬೇಕು. ವೃತ್ತಿ ನಡೆಸಲು ಬೇಕಾದ ಸರ್ಟಿಫಿಕೇಟ್ ಕೈಗೆ ಬರುವುದು ಆಮೇಲೆಯೇ.

ಆದರೆ ಹೆದರಬೇಕಾದ ಪರೀಕ್ಷೆ ಇದಲ್ಲ. ನೂರು ಬಹು ಆಯ್ಕೆ ಪ್ರಶ್ನೆಗಳು, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟ ಜಾತಿ, ಪಂಗಡದವರಿಗೆ 40 ಅಂಕ ಬಂದರೆ ಸಾಕು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಅರ್ಜಿ ತುಂಬುವಾಗಲೇ ಭಾಷೆ ಆರಿಸಿಕೊಳ್ಳಬೇಕು. ಇತ್ತೀಚಿನ ಪರೀಕ್ಷೆಗಳಿಗೆ ಶುಲ್ಕ 3,500 ರೂಪಾಯಿ, ಪರಿಶಿಷ್ಟರಿಗೆ 2,500. ಎಷ್ಟು ಸಲ ಬೇಕಾದರೂ ಬರೆಯಬಹುದು, ಆದರೆ ಪ್ರತಿ ಸಲವೂ ಶುಲ್ಕ ಕಟ್ಟಬೇಕು. ಅಂದರೆ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ದುಬಾರಿ ಬೀಳುವುದು ಓದದೆ ಹೋಗಿ ಫೇಲಾಗುವುದು. ದುಡ್ಡು ಉಳಿಸಿ ಎಂದು ನಾನು ಹೇಳಿದರೆ ಓದು ಉಳಿಸಿ ಎಂದಲ್ಲ.

ಪಠ್ಯಕ್ರಮದಲ್ಲಿ ಹತ್ತೊಂಬತ್ತು ವಿಷಯಗಳಿವೆ. ಪಟ್ಟಿ ನೋಡಿದವರಿಗೆ ಹತ್ತೊಂಬತ್ತು ಪುಸ್ತಕ ಬೇಕೇನೋ ಎನಿಸುತ್ತದೆ. ಅಂಕಗಳನ್ನು ಪಕ್ಕದಲ್ಲಿ ಬರೆದುಕೊಂಡು ನೋಡಿ. ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ, ಕ್ರಿಮಿನಲ್ ಪ್ರಕ್ರಿಯೆ ತಲಾ 10. ಅಪರಾಧ ಕಾನೂನು, ಸಾಕ್ಷ್ಯ, ಕೌಟುಂಬಿಕ ಕಾನೂನು ತಲಾ 8. ಕರಾರು, ಆಸ್ತಿ ವರ್ಗಾವಣೆ, ನಿರ್ದಿಷ್ಟ ಪರಿಹಾರ, ಚೆಕ್ಕಿನ ಕಾಯ್ದೆ ಸೇರಿ ಇನ್ನೊಂದು 8. ಈ ಏಳರಿಂದಲೇ 62 ಅಂಕ. ಆ ಕಡೆ ಕಂಪನಿ, ಪರಿಸರ, ಸೈಬರ್, ಭೂಸ್ವಾಧೀನ, ಬೌದ್ಧಿಕ ಆಸ್ತಿ ಐದೂ ಸೇರಿ ಬರುವುದು ಬರೀ 10. ಆ ಐದಕ್ಕೂ ಒಂದೊಂದು ಪುಸ್ತಕ ಕೊಂಡವರನ್ನು ನಾನು ನೋಡಿದ್ದೇನೆ. ಎರಡೆರಡು ಅಂಕಕ್ಕೆ ಅಷ್ಟು ದುಡ್ಡು ಸುರಿಯುವುದು ನ್ಯಾಯವಲ್ಲ. ಮೊದಲ ಏಳು ವಿಷಯಗಳಾದರೋ ನಮ್ಮ ತಾಲ್ಲೂಕು ಕೋರ್ಟಿನ ದಿನನಿತ್ಯದ ಕೆಲಸವೇ. ಜಮೀನು ಪಾಲು, ತಡೆಯಾಜ್ಞೆ, ಜಾಮೀನು, ಜೀವನಾಂಶ, ಬೌನ್ಸ್ ಆದ ಚೆಕ್ಕು, ಇವಿಷ್ಟೇ ತಾನೇ ನಮ್ಮ ಕೋರ್ಟ್ ಹಾಲ್‌ನಲ್ಲಿ ಕೂಗುವ ಕೇಸುಗಳು?

ದುಡ್ಡಿಲ್ಲದೆ ಸಿಗುವುದು

ಕೇಂದ್ರದ ಕಾಯ್ದೆಗಳೆಲ್ಲ ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ಜಾಲತಾಣದಲ್ಲಿ ತಿದ್ದುಪಡಿ ಸಮೇತ ಉಚಿತವಾಗಿ ಸಿಗುತ್ತವೆ. ಕರ್ನಾಟಕದ ಕಾಯ್ದೆಗಳು ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಕನ್ನಡದಲ್ಲೇ ಇವೆ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತನ್ನ ವರದಿಗಳನ್ನು ‘ಇ-ಎಸ್‌ಸಿಆರ್’ ಮೂಲಕ ಉಚಿತವಾಗಿ ತೆರೆದಿಟ್ಟಿತು. ಆಯ್ದ ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿದೆ. ತೀರ್ಪು ಹುಡುಕುವ ‘ಇಂಡಿಯನ್ ಕಾನೂನ್’ ತಾಣ ಗೊತ್ತಿಲ್ಲದ ವಕೀಲರಿಲ್ಲ. ‘ಸ್ವಯಂ’ ಮತ್ತು ‘ಇ-ಪಿಜಿ ಪಾಠಶಾಲಾ’ದಲ್ಲಿ ಕಾನೂನಿನ ಪಾಠಗಳಿಗೆ ಕಾಸಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಹಿಂದಿನ ಪ್ರಶ್ನೆಪತ್ರಿಕೆಗಳು, ಅವುಗಳ ಸರಿ ಉತ್ತರದ ಪಟ್ಟಿ. ಯಾವ ಪುಸ್ತಕವನ್ನೂ ಕೊಳ್ಳುವ ಮುಂಚೆ ಒಂದು ಹಳೇ ಪತ್ರಿಕೆಯನ್ನು ಮೂರು ಗಂಟೆ ಕೂತು ಬಿಡಿಸಿ. ಯಾವ ವಿಷಯದಲ್ಲಿ ಕೈ ಸೋಲುತ್ತದೆ ಎಂದು ಗೊತ್ತಾಗುವುದು ಆಗಲೇ. ಕನ್ನಡದಲ್ಲಿ ಬರೆಯಬೇಕೆಂದಿರುವವರು ಕನ್ನಡದ ಪತ್ರಿಕೆಯನ್ನೇ ಹುಡುಕಿ ಬಿಡಿಸಿ, ಆಮೇಲೆ ಭಾಷೆ ನಿರ್ಧರಿಸಿ.

ನಮ್ಮೂರಿನವಳೇ ಆದ ಒಬ್ಬ ಹುಡುಗಿ ಹೋದ ವರ್ಷ ಕೋರ್ಟಿನ ಆವರಣದಲ್ಲಿ ನನ್ನನ್ನು ತಡೆದು ಕೇಳಿದಳು:

“ಅಕ್ಕ, ಫೋನ್ ಮಾಡಿ ಮಾಡಿ ಕರೀತಾವ್ರೆ. ಈ ವಾರ ದುಡ್ಡು ಕಟ್ಟಿದ್ರೆ ಪಾಸ್ ಗ್ಯಾರಂಟಿ ಅಂತೆ. ಕಂತಲ್ಲೂ ಕಟ್ಬೋದಂತೆ. ಕಟ್ಲಾ?”

“ಹಳೇ ಪೇಪರ್ ಒಂದಾದ್ರೂ ಬಿಡ್ಸಿದ್ದೀಯೇನಮ್ಮ?”

“ಇಲ್ಲಕ್ಕ.”

“ಮೊದ್ಲು ಬಿಡ್ಸು. ಎಷ್ಟು ಬಂತು ಅಂತ ನಂಗೆ ಹೇಳು. ಆಮೇಲೆ ಕಟ್ಟೋದು ನೋಡಣ.”

ವಾರ ಕಳೆದು ಬಂದವಳು ಮೊದಲ ಪ್ರಯತ್ನದಲ್ಲೇ ಪಾಸಿನ ಗೆರೆ ಮುಟ್ಟಿದ್ದಳು. ಐದು ವರ್ಷ ಶ್ರದ್ಧೆಯಿಂದ ಓದಿದ ಮಗುವಿಗೆ ಅಷ್ಟು ಬಂದೇ ಬರುತ್ತದೆ. ಅವಳಿಗೆ ಬೇಕಿದ್ದದ್ದು ಸಿವಿಲ್ ಪ್ರಕ್ರಿಯೆಯ ಅಭ್ಯಾಸ, ಹೊಸ ಕಾನೂನುಗಳ ಕಲಂ ಸಂಖ್ಯೆ. ಎರಡಕ್ಕೂ ಕೋಚಿಂಗ್ ಬೇಕಿರಲಿಲ್ಲ.

ದುಡ್ಡು ಕೊಟ್ಟು ತರಬೇಕಾದ್ದು

ಪರೀಕ್ಷಾ ಕೊಠಡಿಗೆ ಟಿಪ್ಪಣಿ, ವ್ಯಾಖ್ಯಾನ ಇಲ್ಲದ ಬೇರ್ ಆ್ಯಕ್ಟ್ ಒಯ್ಯಲು ಬಿಡುತ್ತಾರೆ. ಹಾಗಾಗಿ ಅಂಚಿನಲ್ಲಿ ಪೆನ್ಸಿಲಿನಲ್ಲೂ ಏನೂ ಗೀಚದೆ ಇಟ್ಟ ಪುಸ್ತಕ ಬೇಕು. ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ, ಹೊಸ ಮೂರು ಕ್ರಿಮಿನಲ್ ಕಾನೂನುಗಳು, ಕರಾರು ಕಾಯ್ದೆ, ಆಸ್ತಿ ವರ್ಗಾವಣೆ ಕಾಯ್ದೆ, ವಕೀಲರ ಕಾಯ್ದೆ, ಇವಿಷ್ಟನ್ನು ಸ್ವಂತಕ್ಕೆ ಕೊಳ್ಳಿ. ಒಂದೊಂದಕ್ಕೆ ಕೆಲವು ನೂರು ರೂಪಾಯಿ. ನಾನು ಕೊಂಡ ಸಿವಿಲ್ ಪ್ರಕ್ರಿಯಾ ಸಂಹಿತೆ ಇವತ್ತೂ ನನ್ನ ಬ್ಯಾಗಿನಲ್ಲಿದೆ, ಅದನ್ನು ತೆರೆಯದ ಕೆಲಸದ ದಿನವಿಲ್ಲ. ಪಿಡಿಎಫ್ ಇದೆಯಲ್ಲ, ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದರಾಯಿತು ಎನ್ನಬೇಡಿ. 531 ಕಲಂಗಳ ನಾಗರಿಕ ಸುರಕ್ಷಾ ಸಂಹಿತೆಯನ್ನು ಪೂರ್ತಿ ಪ್ರಿಂಟ್ ಹಾಕಿಸುವ ಖರ್ಚಿಗೆ ಅಚ್ಚಾದ ಪುಸ್ತಕವೇ ಹೆಚ್ಚುಕಮ್ಮಿ ಬಂದುಬಿಡುತ್ತದೆ. ಬಿಡಿ ಹಾಳೆಯ ಕಟ್ಟು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯೂ ಇರುವುದಿಲ್ಲ.

ಪುಸ್ತಕ ಒಯ್ಯಲು ಬಿಡುತ್ತಾರೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಮೂರು ಗಂಟೆಗೆ ನೂರು ಪ್ರಶ್ನೆ ಎಂದರೆ ಒಂದಕ್ಕೆ ಎರಡು ನಿಮಿಷವೂ ಇಲ್ಲ. ತಾತ್ಕಾಲಿಕ ತಡೆಯಾಜ್ಞೆಯ ಪ್ರಶ್ನೆ ಬಂತು ಎನ್ನಿ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಮೊದಲು 158 ಕಲಂಗಳು, ಅವುಗಳ ಹಿಂದೆ ಅನುಸೂಚಿಯಲ್ಲಿ 51 ಆದೇಶಗಳು. ಉತ್ತರ ಇರುವುದು 39ನೇ ಆದೇಶದ ಒಂದು ಮತ್ತು ಎರಡನೇ ನಿಯಮದಲ್ಲಿ. ಇದು ಗೊತ್ತಿಲ್ಲದವರು ಮೊದಲ ಅರ್ಧದಲ್ಲೇ ಪುಟ ತಿರುವುತ್ತಾ ಕೂರುತ್ತಾರೆ. ಗೊತ್ತಿದ್ದವರ ಬೆರಳು ನೇರ ಅಲ್ಲಿಗೇ ಹೋಗುತ್ತದೆ. ಸಂಜೆ ಕಲಾಪ ಮುಗಿದ ಮೇಲೆ ಒಬ್ಬರು ಪ್ರಶ್ನೆ ಓದುವುದು, ಇನ್ನೊಬ್ಬರು ಕಲಂ ಹುಡುಕುವುದು, ಹೀಗೆ ನಾವು ಗೆಳತಿಯರು ಅಭ್ಯಾಸ ಮಾಡಿದೆವು. ಅದಕ್ಕಿಂತ ಒಳ್ಳೆಯ ತರಗತಿ ನನಗೆ ಯಾರೂ ಮಾರಲಾರರು.

ಹಳೇ ಪುಸ್ತಕದ ವಿಚಾರದಲ್ಲಿ ಎಚ್ಚರ ಇರಲಿ. ನಾನು ಪರೀಕ್ಷೆ ಬರೆದದ್ದು 2023ರ ಡಿಸೆಂಬರ್ 10ರಂದು, ಇನ್ನೂ ದಂಡ ಸಂಹಿತೆಯ ಕಾಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. ಕೊಲೆಯ ಶಿಕ್ಷೆಯ 302 ಈಗ 103. ವಂಚನೆಯ 420 ಈಗ 318. ನಿರೀಕ್ಷಣಾ ಜಾಮೀನಿನ 438 ಈಗ 482. ಈ ಮೂರು ಹೊಸ ಕಾನೂನುಗಳ ತೂಕ 26 ಅಂಕ. ಕಾರ್ಮಿಕ ಕಾನೂನಿನಲ್ಲೂ 2025ರ ನವೆಂಬರ್ 21ರಂದು ನಾಲ್ಕು ಹೊಸ ಸಂಹಿತೆಗಳು ಜಾರಿಯಾದವು, ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ. ಆದ್ದರಿಂದ ಅಣ್ಣನೋ ಸೀನಿಯರೋ ಕೊಟ್ಟರೆಂದು ಹಳೇ ಗೈಡು ನಂಬಿ ಕೂರಬೇಡಿ, ಅಚ್ಚಾದ ವರ್ಷ ನೋಡಿ, ಆ ಸಲದ ಅಧಿಸೂಚನೆಯೊಂದಿಗೆ ತಾಳೆ ಹಾಕಿ. ಹಾಗೆಂದು ಹಳೇ ದಂಡ ಸಂಹಿತೆಯನ್ನು ರದ್ದಿಗೆ ಹಾಕುವುದೂ ಬೇಡ. 2024ರ ಜುಲೈಗೆ ಮುಂಚೆ ನಡೆದ ಅಪರಾಧಗಳ ವಿಚಾರಣೆಗೆ ಅದೇ ಬೇಕು. ಅಂಥ ಕಡತಗಳು ಇನ್ನೂ ಬಹಳ ವರ್ಷ ನಮ್ಮ ಕೋರ್ಟುಗಳಲ್ಲಿ ಇರುತ್ತವೆ.

ಕೊಳ್ಳದೆ ಬಿಟ್ಟ ಸಣ್ಣ ವಿಷಯಗಳ ಪುಸ್ತಕಗಳಿಗೆ ವಕೀಲರ ಸಂಘದ ಲೈಬ್ರರಿ ಇದೆ, ಸೀನಿಯರ್‌ಗಳ ಆಫೀಸಿದೆ. ಪರೀಕ್ಷೆಯ ವಾರಕ್ಕೆ ಕೇಳಿ ತನ್ನಿ, ಮುಗಿದ ಮಾರನೇ ದಿನವೇ ಹಿಂದಿರುಗಿಸಿ. ಕೊಠಡಿಯೊಳಗೆ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಜೊತೆಯಲ್ಲಿ ಓದುವವರು ಯಾರಿಗೆ ಯಾವುದು ಎಂದು ಮೊದಲೇ ಮಾತಾಡಿಕೊಳ್ಳಬೇಕು.

ನೋಂದಣಿ, ಪ್ರಯಾಣ

ನೋಂದಣಿ ಶುಲ್ಕದ ಬಗ್ಗೆ ಪ್ರತಿ ಪೋಷಕರಿಗೂ ಗೊತ್ತಿರಬೇಕಾದ ತೀರ್ಪೊಂದಿದೆ. ವಕೀಲರ ಕಾಯ್ದೆ, 1961ರ 24ನೇ ಕಲಮಿನ ಪ್ರಕಾರ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿತು. ಅದಕ್ಕೆ ಮುಂಚೆ ಕೆಲವು ರಾಜ್ಯಗಳಲ್ಲಿ ಈ ಮೊತ್ತ 40 ಸಾವಿರವನ್ನೂ ದಾಟಿತ್ತು. 2025ರ ಆಗಸ್ಟ್‌ನಲ್ಲಿ ಕರ್ನಾಟಕದ ಪ್ರಕರಣದಲ್ಲೇ, ‘ಐಚ್ಛಿಕ’ ಎಂಬ ಹೆಸರಿನಲ್ಲೂ ಹೆಚ್ಚುವರಿ ಹಣ ಪಡೆಯಬಾರದು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಸ್ಟಾಂಪ್ ಶುಲ್ಕವಿದ್ದರೆ ಅದು ಬೇರೆ. ನೋಂದಣಿಗೆಂದು ಸಾಲ ಮಾಡಿಟ್ಟುಕೊಂಡ ಮನೆಯವರಿದ್ದರೆ ಆ ಸಾಲವನ್ನು ಮೊದಲು ತೀರಿಸಿಬಿಡಿ.

ಪರೀಕ್ಷೆಗೆ ನಾನು ಬೆಂಗಳೂರಿನ ಕೇಂದ್ರ ಆರಿಸಿಕೊಂಡೆ. 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿತ್ತು. ವೇಗದೂತ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದು ಹೋಗಿ ಹಿಂದಿನ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಪರೀಕ್ಷೆ ಮಧ್ಯಾಹ್ನ ಎಂದು ಬೆಳಿಗ್ಗೆ ಹೊರಡಲೂಬಹುದು, ಆದರೆ 3,500 ರೂಪಾಯಿ ಕಟ್ಟಿದ ಪರೀಕ್ಷೆಯನ್ನು ನೆಲಮಂಗಲದ ಟ್ರಾಫಿಕ್ಕಿನ ಕೈಗೆ ಕೊಡಬೇಡಿ.

ಉಳಿದ ದುಡ್ಡು ಎಲ್ಲಿ ಬೇಕು

ದುಡ್ಡು ಉಳಿಸಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ಪರೀಕ್ಷೆಯ ನಂತರ ಬರುವ ದಿನಗಳು. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದೆ. ಅದು ಶಿಫಾರಸು, ಕಡ್ಡಾಯವಲ್ಲ. ತಾಲ್ಲೂಕು ಕೋರ್ಟುಗಳಲ್ಲಿ ಸೀನಿಯರ್‌ಗಳ ವರಮಾನವೇ ಒಂದೊಂದು ತಿಂಗಳು ಒಂದೊಂದು ಥರ. ಮೊದಲ ಒಂದೆರಡು ವರ್ಷ ಊಟ, ಬಸ್ಸು, ಫೋನು, ಎರಡು ಜೊತೆ ಬಿಳಿ ಶರ್ಟಿಗೆ ಮನೆಯವರ ಕಡೆಯೇ ನೋಡಬೇಕಾಗುತ್ತದೆ. ಎಷ್ಟೋ ಒಳ್ಳೆಯ ಹುಡುಗರು ವೃತ್ತಿ ಬಿಟ್ಟು ಹೋದದ್ದು ಕಾನೂನು ಗೊತ್ತಿಲ್ಲದೆ ಅಲ್ಲ, ಆ ಎರಡು ವರ್ಷ ದಾಟಲು ಕೈಯಲ್ಲಿ ದುಡ್ಡಿಲ್ಲದೆ. ಅವರನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ವೃತ್ತಿ ತರಬೇತಿಯ ಅವಧಿಯಲ್ಲಿ ರಾಜ್ಯ ಸರ್ಕಾರ ಶಿಷ್ಯವೇತನ ಕೊಡುತ್ತದೆ. ಪದವಿ ಮುಗಿದ ವರ್ಷ, ವಯಸ್ಸು, ಕುಟುಂಬದ ಆದಾಯದ ಮೇಲೆ ಮಿತಿಗಳಿವೆ, ಅರ್ಜಿಗೆ ಕೊನೆಯ ದಿನವೂ ಇದೆ. ಹಾಸನದ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗಳಲ್ಲಿ ಕೊನೆಯ ಸೆಮಿಸ್ಟರ್ ಇರುವಾಗಲೇ ವಿಚಾರಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಿ. ಅರ್ಹರಾಗಿದ್ದೂ ಗೊತ್ತಾಗದೆ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ.

ತಂದೆ ತಾಯಿಯರಿಗೆ ಒಂದು ವಿನಂತಿ. ಮಗಳು ಕೋಚಿಂಗಿಗೆ ದುಡ್ಡು ಕೇಳದಿದ್ದರೆ ಖರ್ಚು ಉಳಿಯಿತೆಂದು ಆ ಮೊತ್ತವನ್ನು ಬೇರೆಡೆ ತಿರುಗಿಸಬೇಡಿ. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಅವಳ ಹೆಸರಲ್ಲೇ ಇಟ್ಟು, ವೃತ್ತಿ ಶುರುವಾದ ಮೇಲೆ ತಿಂಗಳಿಗಿಷ್ಟು ಎಂದು ತೆಗೆದುಕೊಳ್ಳಲು ಬಿಡಿ. ಪರೀಕ್ಷೆ ಪಾಸು ಮಾಡಲು ಅವಳಿಗೆ ಆ ದುಡ್ಡು ಬೇಕಿಲ್ಲ. ಪಾಸಾದ ಮೇಲೆ ವಕೀಲಳಾಗಿ ಉಳಿಯಲು ಖಂಡಿತ ಬೇಕು.