ಮರಿ ಉಳಿದರೆ ದುಡ್ಡು ಉಳಿಯಿತು

ಕೋಳಿ ಸಾಕಿದರೆ ಎಷ್ಟು ಸಿಗುತ್ತದೆ ಎಂದು ಕೇಳುವವರು ಬಹಳ. ತಂದ ಮರಿಗಳಲ್ಲಿ ಉಳಿದವೆಷ್ಟು ಎಂಬ ಲೆಕ್ಕ ಇಟ್ಟವರು ಕಡಿಮೆ. ಒಂದಕ್ಕೆ 40 ರೂಪಾಯಿಯಂತೆ 20 ಮರಿ ತಂದಿರಿ ಎನ್ನಿ. 800 ರೂಪಾಯಿ ಆಯಿತು. ಮೊದಲ ವಾರದಲ್ಲೇ ಆರು ಸತ್ತರೆ ಉಳಿದ ಹದಿನಾಲ್ಕರ ಅಸಲು ತಲಾ 57 ರೂಪಾಯಿಗೆ ಏರುತ್ತದೆ. ತಿಂಗಳಾದ ಮೇಲೆ ಸತ್ತರೆ ಅವು ತಿಂದ ಆಹಾರದ ದುಡ್ಡೂ ಮಣ್ಣುಪಾಲು.

ಮಂಜಗುಣಿಯ ನಮ್ಮ ಹಿತ್ತಲಲ್ಲಿ ಊರ ಕೋಳಿಯನ್ನೂ, ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜವನ್ನೂ ಸಾಕಿದ್ದೇನೆ. ಸತ್ತ ಮರಿಯ ವಯಸ್ಸು, ಕಾರಣ ಎರಡನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಹೆಚ್ಚಿನವು ಸತ್ತಿದ್ದು ಮೊದಲ ತಿಂಗಳೊಳಗೆ, ಥಂಡಿ, ತೇವ ಇಲ್ಲವೇ ರೋಗದಿಂದ. ಮೂರನ್ನೂ ಸಣ್ಣ ಖರ್ಚಿನಲ್ಲಿ ತಡೆಯಬಹುದು.

ಊರ ಮರಿಗೆ ತಾಯಿ ಹೇಂಟೆಯ ರೆಕ್ಕೆಯಿದೆ. ಪೆಟ್ಟಿಗೆಯಲ್ಲಿ ಬರುವ ಗಿರಿರಾಜಕ್ಕೆ ನಾವೇ ಕಾವು ಕೊಡಬೇಕು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ; ಹಳೆಯ ತಂತಿಯ ಬಲ್ಬೇ ಬೇಕು. 60 ವ್ಯಾಟಿನದು ದಿನಕ್ಕೆ 12 ತಾಸಿನಂತೆ 14 ರಾತ್ರಿ ಉರಿದರೆ ಸುಮಾರು 10 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಎರಡು ಮರಿಯ ಬೆಲೆಗಿಂತ ಕಡಿಮೆ. ಬಲ್ಬಿನಡಿ ಮರಿಗಳು ಒಂದರ ಮೇಲೊಂದು ಬಿದ್ದು ಕೀಚುಗುಟ್ಟಿದರೆ ಚಳಿ. ಅಂಚಿಗೆ ಓಡಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಹರಡಿಕೊಂಡು ಮಲಗಿದರೆ ಸರಿಯಾಗಿದೆ ಎಂದರ್ಥ.

ಗಂಗಾವಳಿ ನದಿ ಸಮುದ್ರ ಸೇರುವ ನಮ್ಮ ಕಡೆ ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ. ಹಾಸಿದ ಉಮಿ ಒದ್ದೆಯಾದರೆ ಕಾಕ್ಸಿಡಿಯೋಸಿಸ್ ಎಂಬ ರೋಗ ಬರುತ್ತದೆ, ಹಿಕ್ಕೆಯಲ್ಲಿ ರಕ್ತ ಕಾಣಿಸುತ್ತದೆ. ಎರಡು ಇಂಚು ಉಮಿ ಹಾಸಿ ದಿನಾ ಕೆದಕಬೇಕು. ನೀರಿನ ಪಾತ್ರೆಯ ಸುತ್ತ ಒದ್ದೆಯಾದದ್ದನ್ನು ಅಂದೇ ತೆಗೆಯಬೇಕು. ರಕ್ತ ಕಂಡ ದಿನವೇ ಪಶುವೈದ್ಯರಿಗೆ ತೋರಿಸಿ. ಸಾಧ್ಯವಿದ್ದರೆ ಮರಿಗಳನ್ನು ಜೂನ್‌ನಲ್ಲಿ ತರದೆ ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಲ್ಲಿ ತನ್ನಿ. ಬೇಸಿಗೆ ರಜೆಗೆ ನೆಂಟರು ಊರಿಗೆ ಬರುವ ಹೊತ್ತಿಗೆ ಅವು ಮಾರಾಟಕ್ಕೆ ಬಂದಿರುತ್ತವೆ.

ಕರಾವಳಿಯವರು ಉಪ್ಪಿನ ಬಗ್ಗೆಯೂ ಎಚ್ಚರವಿರಬೇಕು. ಒಣಮೀನಿನ ತಲೆ, ಚೂರುಗಳನ್ನು ಕೋಳಿಗೆ ಎಸೆಯುವುದು ನಮ್ಮಲ್ಲಿ ರೂಢಿ. ದೊಡ್ಡ ಕೋಳಿ ತಡೆದುಕೊಂಡೀತು, ಎಳೆಯ ಮರಿಗೆ ಅಷ್ಟು ಉಪ್ಪು ವಿಷವೇ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾದರೆ ಮನೆಯವರು ಕುಡಿಯುವ ಸಿಹಿ ನೀರನ್ನೇ ಮರಿಗಳಿಗೂ ಇಡಿ.

ಕೊನೆಯದು ಲಸಿಕೆ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು 14ನೇ ದಿನ ಗಂಬೋರೊ ರೋಗದ ಲಸಿಕೆ. 28ನೇ ದಿನದ ಹೊತ್ತಿಗೆ ಮತ್ತೆ ರಾಣಿಖೇತ್. ಕೊಕ್ಕರೆ ರೋಗ ಬಂದ ಮೇಲೆ ಔಷಧವಿಲ್ಲ. ಲಸಿಕೆಯ ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಇಲ್ಲವೇ ಅದಕ್ಕೂ ಹೆಚ್ಚು ಮರಿಗಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ಹತ್ತಿಪ್ಪತ್ತು ಮರಿ ಇರುವವರು ಹಿಂಜರಿಯುವುದು ಇದಕ್ಕೇ. ಕೇರಿಯ ನಾಲ್ಕೈದು ಮನೆಯವರು ಒಂದೇ ದಿನ ಮರಿ ತರಿಸಿ, ಒಂದೇ ಸೀಸೆ ಹಂಚಿಕೊಂಡರೆ ಖರ್ಚು ಯಾರಿಗೂ ಭಾರವಾಗದು. ಲಸಿಕೆಯನ್ನು ಐಸ್ ಹಾಕಿದ ಥರ್ಮಾಸಿನಲ್ಲೇ ತನ್ನಿ.

ಕೈಯಲ್ಲಿ 1000 ರೂಪಾಯಿ ಇದೆಯೆಂದು 25 ಮರಿ ತರಬೇಡಿ. 18 ತನ್ನಿ, ಮಿಕ್ಕ 280 ರೂಪಾಯಿಯನ್ನು ಬಲ್ಬು, ಉಮಿ, ಲಸಿಕೆಗೆ ಎತ್ತಿಡಿ. ಹೆಚ್ಚು ಮರಿ ತಂದವರಿಗಲ್ಲ, ಹೆಚ್ಚು ಮರಿ ಉಳಿಸಿಕೊಂಡವರಿಗೇ ಲಾಭ.